ಐರಾಣಿ ಹೊತ್ತ ತಲೆಯೊಳಗೆ ನಾನು

ನಾನು ಒಂದು ನರಕೋಶ. ಸೋಗವ್ವನ ಬಲಗಿವಿಯ ಒಳಗೆ, ಎಲುಬಿನ ಗೂಡಿನಲ್ಲಿ ನನ್ನ ವಾಸ. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹುಟ್ಟಿದವನು ನಾನು. ಸೈಕಲ್ಲು, ಕೊಡೆಗಳ ಹಾಗೆ ಕೈಯಿಂದ ಕೈಗೆ ದಾಟುವ ಯೋಗ ನನಗಿಲ್ಲ. ಇರುವವಳು ಇವಳೊಬ್ಬಳೇ ಯಜಮಾನಿ.

ನನ್ನ ಕೆಲಸ ಸಣ್ಣದು. ಸೋಗವ್ವ ತಲೆ ಹೊರಳಿಸಿದರೆ ಒಳಗಿನ ಕೊಳವೆಗಳಲ್ಲಿ ನೀರು ತುಳುಕುತ್ತದೆ. ಆ ಸುದ್ದಿಯನ್ನು ನಾನು ಮಿದುಳಿಗೆ ಮುಟ್ಟಿಸುತ್ತೇನೆ, ಮಿದುಳು ಮೈಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಹಾವೇರಿ ಕಡೆಯ ಅವಳ ಊರಿನಲ್ಲಿ ಮದುವೆಯೆಂದರೆ, ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಗಡಿಗೆಗಳನ್ನು ಮುತ್ತೈದೆಯರು ತಲೆಯ ಮೇಲೆ ಹೊತ್ತು ತರಬೇಕು. ಗಡಿಗೆ ಒಡೆದರೆ ಅಪಶಕುನ. ಮನೆತನದ ಮದುವೆಗಳಿಗೆಲ್ಲ ಸೋಗವ್ವನೇ ಹೊತ್ತಳು. ಒಮ್ಮೆಯೂ ಗಡಿಗೆಗೆ ಕೈ ಹಚ್ಚಲಿಲ್ಲ. ಜನ ಅವಳ ಸೊಂಟವನ್ನು ಹೊಗಳಿದರು. ನನ್ನನ್ನು ಕೇಳುವವರು ಯಾರು!

ವಯಸ್ಸಾಯಿತು. ನೆರೆಯ ನರಕೋಶಗಳು ಒಂದೊಂದಾಗಿ ಸತ್ತವು. ನಮ್ಮಲ್ಲಿ ಸತ್ತವರ ಜಾಗಕ್ಕೆ ಹೊಸಬರು ಹುಟ್ಟುವುದಿಲ್ಲ. ನಾನೂ ಸೊರಗಿದೆ, ಸುದ್ದಿ ಅರೆಬರೆ ಹೋಗತೊಡಗಿತು. ಮೈಯ ತೂಕದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಕಣ್ಣು, ಪಾದಗಳು ಹೇಗೋ ನಮ್ಮ ಮಾನ ಕಾಯ್ದವು.

ಒಂದು ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ, ತನ್ನ ಸುತ್ತ ತಾನೇ ತಿರುಗುತ್ತ ಸೋಗವ್ವ ಧೊಪ್ಪನೆ ಬಿದ್ದಳು. ಕಣ್ಣು ಮುಚ್ಚಿದ ಕೂಡಲೇ ಭಾರವೆಲ್ಲ ನಮ್ಮ ಮೇಲೆ ಬಿದ್ದಿತ್ತು.

"ಪಿತ್ತ ಏರೇತಿ, ಬ್ಯಾರೇನಿಲ್ಲ," ಎಂದ ಗಂಡ ಫಕ್ಕೀರಪ್ಪ. ನಿಂಬೆಹಣ್ಣಿನ ಪಾನಕ ಕುಡಿಸಿದ್ದೇ ಕುಡಿಸಿದ್ದು! ಪಾಪ, ಪಿತ್ತಕ್ಕೆ ಇಲ್ಲದ ಅಪವಾದ. ಕಡೆಗೆ ಡಾಕ್ಟರೇ ಹೇಳಬೇಕಾಯಿತು: "ಕಿವ್ಯಾಗಿನ ನರಕ್ಕ ವಯಸ್ಸಾಗೇತಿ. ಕಣ್ಣು ಮುಚ್ಚಿ ತಿರಗಬ್ಯಾಡ್ರಿ. ಹಂಗಂತ ಮೂಲಿ ಹಿಡದೂ ಕೂಡಬ್ಯಾಡ್ರಿ, ದಿನಾ ನಡೀರಿ."

ಅಷ್ಟರಲ್ಲಿ ಮೊಮ್ಮಗಳ ಮದುವೆ ಬಂತು.

"ಅತ್ತಿ, ಈ ಸಲ ನಾ ಹೊರ್ತೀನ್ರಿ," ಎಂದಳು ಸೊಸೆ ಶಿವಲೀಲಾ.

"ನಾ ಇನ್ನೂ ಗಟ್ಟಿ ಅದೀನಿ. ನೀ ಸುಮ್ನ ಬಾಜೂಕ ನಡಿ."

ಮೆರವಣಿಗೆಯಲ್ಲಿ ಗಡಿಗೆ ಹೊತ್ತವರ ಮೇಲೆ ನಾಲ್ವರು ಚಪ್ಪರದ ಹಾಗೆ ಬಟ್ಟೆ ಹಿಡಿದಿದ್ದರು. ಓಣಿಯ ತಿರುವಿನಲ್ಲಿ ಗಾಳಿ ಬೀಸಿ, ಒಬ್ಬನ ಕೈಯಿಂದ ಚುಂಗು ಜಾರಿ, ಬಟ್ಟೆ ಸೋಗವ್ವನ ಮುಖಕ್ಕೆ ಮುಸುಕಿತು. ಕಣ್ಣು ಕತ್ತಲಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇದ್ದಷ್ಟು ಶಕ್ತಿಯಿಂದ ಕೂಗಿದೆ. ಎಷ್ಟು ಮುಟ್ಟಿತೋ! ಅವಳು ಎಡಕ್ಕೆ ವಾಲಿದಳು, ಗಡಿಗೆಯೂ ವಾಲಿತು.

"ಶಿವಲೀಲಾ, ಹಿಡೀ ಬಾರವಾ!" ಎಂದು ಸೋಗವ್ವ ಕೂಗಿದಳು.

ಸೊಸೆಯ ಒಂದು ಕೈ ಗಡಿಗೆಗೆ ಬಂತು, ಇನ್ನೊಂದು ಅತ್ತೆಯ ರಟ್ಟೆಗೆ. ಗಡಿಗೆ ಒಡೆಯದೆ ಮನೆ ಸೇರಿತು.

"ಕಡೀಕೂ ಕೈ ಹಚ್ಚಿಸಿಕೊಂಡಿ ಅಲ್ಲ?" ಎಂದು ಫಕ್ಕೀರಪ್ಪ ಕಾಡಿದ.

"ಹಚ್ಚಿದ್ದಕ್ಕ ಉಳೀತು. ಸುಮ್ನಿರ್ರಿ."

ಈಗ ನಾವು ಉಳಿದಿರುವುದು ಸ್ವಲ್ಪವೇ ಮಂದಿ. ಹಳೆಯ ಸೈಕಲ್ಲು, ಕೊಡೆಗಳಿಗಿರುವ ಗುಜರಿ ಅಂಗಡಿಯ ಚಿಂತೆ ನನಗಿಲ್ಲ. ಸೋಗವ್ವನಿಗಿಂತ ಮೊದಲು ಹೋಗಬಾರದು ಎಂಬುದೊಂದೇ ಆಸೆ. ಅವಳು ಇಂದಿಗೂ ದೇವರ ಮುಂದೆ ತಿರುಗುತ್ತಾಳೆ, ಕಣ್ಣು ತೆರೆದುಕೊಂಡು, ಸೊಸೆಯ ಕೈ ಹಿಡಿದುಕೊಂಡು.