ಮೂರನೆಯ ಸುತ್ತಿನ ಎಂಟನೆಯ ಪೆಟ್ಟು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಭಾನುವಾರ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತಳ್ಳುವ ಹೊತ್ತಿಗೆ ಅದು ಅಲ್ಲಿಂದ ಇಳಿದು ನಾಲಿಗೆಗೆ ಬಂದಿತ್ತು. ಕಾರಣ ನಮ್ಮಣ್ಣನ ಬಲಗೈ. ಮಂಗಳವಾರ ಅದಕ್ಕೆ ಆಪರೇಷನ್. ಆಮೇಲೆ ಊಟ ಮಾಡಬಹುದು, ಅಂಗಿಯ ಗುಂಡಿ ಹಾಕಿಕೊಳ್ಳಬಹುದು, ಡ್ರಮ್ಸ್ ಮಾತ್ರ ಮರೆತುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ನಮ್ಮ ಆಲ್ಬಮ್ಮಿನ ಆರು ಹಾಡುಗಳಲ್ಲಿ ಐದು ಮುಗಿದಿದ್ದವು. ಉಳಿದದ್ದು ಕೊನೆಯದು, ಹತ್ತೊಂಬತ್ತು ನಿಮಿಷದ್ದು.

ನಾವು ನಾಲ್ಕು ಜನ. ಡ್ರಮ್ಸ್ ಬಾರಿಸುವ ಅಣ್ಣ ಮನೆಗಳಿಗೆ ಟೈಲ್ಸ್ ಹಾಕುವವನು. ಇಪ್ಪತ್ತು ವರ್ಷ ಮಂಡಿಯೂರಿ ಕುಟ್ಟಿ ಕುಟ್ಟಿಯೇ ಆ ಮಣಿಕಟ್ಟು ಸವೆದದ್ದು. ಅತ್ತಿಗೆ ಹಾಡುತ್ತಾಳೆ. ಹಾಡುತ್ತಾಳೆ ಎಂದರೆ ಅರ್ಧ ಹೊತ್ತು ಹಾಡು, ಅರ್ಧ ಹೊತ್ತು ಗರ್ಜನೆ. ಅವರ ಮಕ್ಕಳು ಅವಳಿಗೆ ಎದುರು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಗಿಟಾರ್ ನುಡಿಸುವ ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ, ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಬೇಸ್ ಗಿಟಾರ್. ವಾರದ ಉಳಿದ ಆರು ದಿನ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. ನಮ್ಮದು ಎಂಥ ಸಂಗೀತ ಎಂದು ಯಾರಾದರೂ ಕೇಳಿದರೆ ಪ್ರೊಗ್ರೆಸಿವ್ ಮೆಟಲ್ ಅನ್ನುತ್ತೇನೆ. ಅವರು ಪಿಳಿಪಿಳಿ ಕಣ್ಣು ಬಿಟ್ಟರೆ, ‘ಗಲಾಟೆಯೇ, ಆದ್ರೆ ಲೆಕ್ಕ ಹಾಕಿ ಮಾಡೋ ಗಲಾಟೆ’ ಅನ್ನುತ್ತೇನೆ.

ಲೆಕ್ಕ ಮೇಷ್ಟ್ರದ್ದು. ಬೇರೆಯವರ ಹಾಡುಗಳು ನಾಲ್ಕು ಪೆಟ್ಟಿಗೊಂದು ಸುತ್ತು ಹಾಕಿಕೊಂಡು ಸುಖವಾಗಿ ಹೋಗುತ್ತವೆ. ನಮ್ಮವು ಏಳು, ಐದು, ಹನ್ನೊಂದು ಎಂದು ಸುತ್ತು ಸುತ್ತಿಗೂ ಬದಲಾಗುತ್ತವೆ. ಎಲ್ಲಿ ಎಷ್ಟು ಎಂಬುದನ್ನು ಮೇಷ್ಟ್ರು ಶಾಲೆಯಿಂದ ತಂದ ಹಳೆಯ ಕರಿಹಲಗೆಯ ಮೇಲೆ ಬರೆಯುತ್ತಾರೆ. ನಾವು ಹೋದಲ್ಲೆಲ್ಲ ಆ ಹಲಗೆಯೂ ಬರಬೇಕು. ಯಾರಾದರೂ ಅರ್ಧ ಪೆಟ್ಟು ತಪ್ಪಿದರೂ ಎಲ್ಲ ನಿಲ್ಲಿಸಿ, ಆ ಅಂಕಿಯನ್ನು ಸೀಮೆಸುಣ್ಣದಿಂದ ಟಕಟಕ ಕುಟ್ಟುತ್ತಾರೆ. ನಾವು ಒಟ್ಟಿಗೆ ನುಡಿಸುತ್ತಿರುವ ಒಂಬತ್ತು ವರ್ಷಗಳಲ್ಲಿ ಅವರು ಅಣ್ಣನಿಗೂ ರಿಯಾಯಿತಿ ಕೊಟ್ಟವರಲ್ಲ.

ಅಣ್ಣನದು ಇನ್ನೊಂದು ಹಠ. ನಾಲ್ವರೂ ಒಟ್ಟಿಗೆ ಕೂತು, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ನುಡಿಸಬೇಕು. ಅಲ್ಲಿಷ್ಟು ಇಲ್ಲಿಷ್ಟು ತೆಗೆದು ಅಂಟಿಸುವ ಹಾಗಿಲ್ಲ.

ಸ್ಟುಡಿಯೋ ಯಜಮಾನರನ್ನು ನಾವು ಬೆನ್ನ ಹಿಂದೆ ಕಂಬಳಿ ಅನ್ನುತ್ತೇವೆ, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದಾರೆಂದು. ಅವರು ಗಾಜಿನ ಆಚೆ ಕೂತು ಕೈ ಎತ್ತಿದರು. ಶುರು ಮಾಡಿದೆವು. ಹನ್ನೆರಡು ನಿಮಿಷ ಎಂಥ ಚೆನ್ನಾಗಿ ಹೋಯಿತೆಂದರೆ ನನ್ನ ಕೋಪವೂ ತಣ್ಣಗಾಗಿತ್ತು. ಅಷ್ಟರಲ್ಲಿ ಅಣ್ಣನ ಬಲಗೈಯ ಕೋಲು ಜಾರಿ ನೆಲಕ್ಕೆ ಬಿತ್ತು. ಅದು ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿತು.

“ಹನ್ನೆರಡು ನಿಮಿಷ ಚಿನ್ನದಂಗಿದೆ,” ಎಂದರು ಕಂಬಳಿ ಸ್ಪೀಕರಿನಲ್ಲಿ. “ಅಲ್ಲಿಂದ ಮುಂದಕ್ಕೆ ನುಡಿಸಿ ಸಾಕು, ನಾನು ಜೋಡಿಸ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನಿಮ್ಮನ್ನ ಯಾರಾದ್ರೂ ಕೇಳಿದ್ರಾ?” ಎಂದು ನಾನು ಹರಿಹಾಯ್ದೆ. ಪಾಪ, ಆ ಮನುಷ್ಯ ಹೇಳಿದ್ದರಲ್ಲಿ ತಪ್ಪೇನಿತ್ತು? ಕೋಲು ಎತ್ತಿಕೊಂಡು ಅಣ್ಣನ ಹತ್ತಿರ ಹೋದೆ. ಅವನ ಬೆರಳುಗಳು ತಣ್ಣಗಿದ್ದವು.

“ಅಣ್ಣ, ಅವರು ಹೇಳಿದಂಗೆ ಜೋಡಿಸಿಬಿಡೋಣ ಕಣೋ.”

“ಪುಟ್ಟಿ, ಜೋಡಿಸೋದೇ ನನ್ನ ಕಸುಬು,” ಎಂದ ಅಣ್ಣ ನಗುತ್ತ. “ಎಷ್ಟು ಸಾವಿರ ಟೈಲ್ಸ್ ಜೋಡಿಸಿದೀನೋ ಏನೋ. ಇದೊಂದನ್ನ ಜೋಡಿಸಲ್ಲ ಬಿಡು. ನಾಳಿದ್ದು ಮಲಗಿ ಎದ್ದ ಮೇಲೆ ಕೇಳ್ಬೇಕಲ್ಲ, ಆಗ ಇದು ಪೂರ್ತಿ ನನ್ನ ಕೈದೇ ಅನ್ನಿಸ್ಬೇಕು.”

ಅತ್ತಿಗೆ ಚೀಲದಿಂದ ಅಂಟುಪಟ್ಟಿ ತೆಗೆದು, ಕೋಲನ್ನು ಗಂಡನ ಅಂಗೈಗೆ ಸೇರಿಸಿ ಸುತ್ತಿದಳು. “ಬಿಗಿಯಾಯ್ತೇನ್ರೀ?” ಎಂದು ಕೇಳಿದಳು. “ನೀನು ಬಿಗಿ ಮಾಡಿದ್ಮೇಲೆ ಬಿಚ್ಚೋರು ಯಾರೇ?” ಎಂದ. ಅವಳು ಅವನ ತಲೆಗೊಂದು ಮೊಟಕಿ ಮೈಕಿನ ಮುಂದೆ ಹೋಗಿ ನಿಂತಳು. ನಮ್ಮೆಲ್ಲರಿಗೂ ಗೊತ್ತಿತ್ತು, ಆ ಕೈಯಲ್ಲಿ ಇನ್ನೊಂದೇ ಸಲಕ್ಕೆ ಕಸುವಿದೆ.

ಎರಡನೆಯ ಸಲ ಹನ್ನೆರಡು ನಿಮಿಷ ದಾಟಿತು. ಹದಿಮೂರೂ ದಾಟಿತು. ಹದಿನಾಲ್ಕರಲ್ಲಿ ಏಳೇಳು ಪೆಟ್ಟಿನ ನಾಲ್ಕು ಸುತ್ತುಗಳು ಬರುತ್ತವೆ, ನಾಲ್ಕನೆಯದರ ಮೊದಲ ಪೆಟ್ಟಿಗೆ ಅತ್ತಿಗೆಯ ಗರ್ಜನೆ. ಮೂರನೆಯ ಸುತ್ತಿನ ಏಳನೆಯ ಪೆಟ್ಟು ಹೊಡೆದ ಅಣ್ಣನ ಕೈ ಮೇಲೇಳಲಿಲ್ಲ. ಕೋಲು ಅಂಗೈಗೆ ಅಂಟಿಕೊಂಡೇ ಇತ್ತು, ಕೈಯೇ ಏಳಲೊಲ್ಲದು.

ಲೆಕ್ಕದ ಪ್ರಕಾರ ಅಲ್ಲಿ ನಾವು ಮೂವರೂ ಮುಂದೆ ಹೋಗಬೇಕಿತ್ತು, ಅವನೊಬ್ಬ ಹಿಂದೆ ಉಳಿದು ಹಾಡು ಮುಗ್ಗರಿಸಬೇಕಿತ್ತು. ಹಾಗಾಗಲಿಲ್ಲ. ತಂತಿಯ ಮೇಲಿದ್ದ ನನ್ನ ಬೆರಳು ನಿಂತಿತು. ಅರ್ಧ ಪೆಟ್ಟನ್ನೂ ಬಿಡದ ಮೇಷ್ಟ್ರ ಕೈ ನಿಂತಿತು. ಅತ್ತಿಗೆ ಬಾಯಿ ತೆರೆದವಳು ಉಸಿರು ಹಿಡಿದಳು. ಒಂದು ಪೆಟ್ಟಿನಷ್ಟು ಹೊತ್ತು ಕೋಣೆಯಲ್ಲಿ ಏನೂ ಇರಲಿಲ್ಲ. ಅಣ್ಣನ ಭುಜ ಮೇಲೆದ್ದಿತು, ಕೈ ಬಂತು, ನಾಲ್ವರೂ ಒಂದೇ ಏಟಿಗೆ ನಾಲ್ಕನೆಯ ಸುತ್ತಿಗೆ ಇಳಿದೆವು. ಆಮೇಲೆ ಐದು ನಿಮಿಷ ನಾನು ಅಳುತ್ತಲೇ ನುಡಿಸಿದೆ, ನಾಚಿಕೆಯೇನಿಲ್ಲ ಹೇಳಿಕೊಳ್ಳಲಿಕ್ಕೆ.

ಮುಗಿದ ಮೇಲೆ ಗಾಜಿನ ಆಚೆ ಹೋಗಿ ಕೂತು ಕೇಳಿದೆವು. ಯಜಮಾನರು ಎಲ್ಲರಿಗೂ ಟೀ ತಂದುಕೊಟ್ಟರು. ಹದಿನಾಲ್ಕನೆಯ ನಿಮಿಷ ಬಂದಾಗ ಅಣ್ಣ ತಲೆ ತಗ್ಗಿಸಿದ.

“ತಪ್ಪಿದೆ ಕಣೋ,” ಎಂದ ಮೇಷ್ಟ್ರಿಗೆ. “ಒಂದು ಪೆಟ್ಟು ಜಾಸ್ತಿಯಾಯ್ತು. ಇನ್ನೊಂದ್ಸಲ ನುಡಿಸೋಣ.”

ಹೇಳಿದ್ದೇನೋ ಹೇಳಿದ, ಆದರೆ ಟೀ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದ. ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

ಮೇಷ್ಟ್ರು ಎದ್ದು ಒಳಗೆ ಹೋದರು. ಗಾಜಿನೊಳಗಿಂದ ನೋಡುತ್ತಿದ್ದೆವು. ಹಲಗೆಯ ಮುಂದೆ ನಿಂತು, ಅಂಗಿಯ ತೋಳಿನಿಂದ ಒಂದು ಏಳನ್ನು ಒರೆಸಿದರು. ಅಲ್ಲಿ ಎಂಟು ಬರೆದರು. ವಾಪಸು ಬಂದು ತಮ್ಮ ಟೀ ಎತ್ತಿಕೊಂಡರು.

“ಏನು ತಪ್ಪಿದೆಯೋ? ಹಲಗೆ ನೋಡ್ಕೊಂಡು ಮಾತಾಡು.”

ಅಣ್ಣ ನೋಡಿದ. “ಕಳ್ಳ ಮೇಷ್ಟ್ರು,” ಎಂದು ಎಡಗೈಯಿಂದ ಕಣ್ಣೊರೆಸಿಕೊಂಡ.

ಆಲ್ಬಮ್ ಹಾಗೆಯೇ ಹೊರಬಂತು. ಎಂಟು ತಿಂಗಳಾದ ಮೇಲೆ ನಮಗೊಬ್ಬ ಹೊಸ ಡ್ರಮ್ಮರ್ ಸಿಕ್ಕಳು, ಮೇಷ್ಟ್ರ ಹಳೆಯ ಶಿಷ್ಯೆ, ಈಗ ಔಷಧಿ ಅಂಗಡಿ ಇಟ್ಟವಳು. ಮೊದಲ ಅಭ್ಯಾಸದ ದಿನ ಅಣ್ಣನೂ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಆಪರೇಷನ್ನಾದ ಕೈ ಮಡಿಲಲ್ಲಿತ್ತು.

“ಸರ್, ಈ ಮೂರನೇ ಸುತ್ತಲ್ಲಿ ಎಂಟು ಯಾಕೆ?” ಎಂದು ಹಲಗೆಯ ಮೇಲೆ ಆ ಕೊನೆಯ ಹಾಡಿನ ಲೆಕ್ಕ ನೋಡಿ ಹುಡುಗಿ ಕೇಳಿದಳು. “ಕೊನೇ ಪೆಟ್ಟು ಖಾಲಿ ಇದೆಯಲ್ಲ. ಏಳೇ ಇದ್ರೆ ಸರಿಹೋಗ್ತಿತ್ತು.”

“ಅಲ್ಲಿ ನಾನು ತಪ್ಪಿದ್ದಮ್ಮ,” ಎಂದ ಅಣ್ಣ. “ನೀನು ಏಳೇ ಹೊಡಿ.”

“ಎಂಟು!” ಎಂದೆವು ನಾವು ಮೂವರೂ. ನಾನಂತೂ ಕಿರುಚಿಯೇಬಿಟ್ಟೆ. ಹುಡುಗಿ ಬೆಚ್ಚಿ, ಆಗಲಿ ಎಂಟೇ ಸರಿ ಎಂದು ಕೋಲು ಎತ್ತಿಕೊಂಡಳು.

ಹದಿನಾಲ್ಕನೆಯ ನಿಮಿಷ ಬಂತು. ಮೊದಲ ಸುತ್ತು, ಎರಡನೆಯದು, ಮೂರನೆಯದು. ಏಳನೆಯ ಪೆಟ್ಟು ಹೊಡೆದು ಅವಳು ಕೈ ತಡೆದಳು. ನಾವೂ ತಡೆದೆವು. ಆ ಖಾಲಿ ಜಾಗದಲ್ಲಿ ಬಾಗಿಲ ಕಡೆಯಿಂದ ಅಣ್ಣನ ಹಿಮ್ಮಡಿ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಅದನ್ನು ಕೇಳಿಕೊಂಡೇ ನಾವು ಮುಂದಕ್ಕೆ ಹೋದೆವು.