ಅರ್ಧಕ್ಕೆ ನಿಂತ ತಾರಸಿ

ಅಮ್ಮ ಕಿಟಕಿಯ ಸರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನಾನು ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದೆ. ಬಕೆಟ್ಟಿನ ನೀರು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಕಟ್ಟಡದಲ್ಲಿ ಕಾಂಕ್ರೀಟ್ ಕಲಸುವ ಯಂತ್ರ ಗುಡುಗುತ್ತಿತ್ತು, ಮಾತಾಡಿದರೂ ಕೇಳಿಸುತ್ತಿರಲಿಲ್ಲ.

ಆ ಕಟ್ಟಡ ಚಿಕ್ಕಮ್ಮನದು. ಅಮ್ಮನಿಗೆ ಇರುವವಳು ಅವಳೊಬ್ಬಳೇ ತಂಗಿ. ಅಕ್ಕನ ಪಕ್ಕದಲ್ಲೇ ಇರಬೇಕೆಂದು ಹಟ ಹಿಡಿದು ಆ ಜಾಗ ಕೊಂಡಿದ್ದಳು. ಅಪ್ಪ ನಸುಕಿನ ಮೊದಲ ಬಸ್ಸು ಓಡಿಸುವವರು, ಕತ್ತಲಾಗುವ ಹೊತ್ತಿಗೇ ಮಲಗಬೇಕು. ಕಟ್ಟಡ ಶುರುವಾದಾಗಿನಿಂದ ಅವರಿಗೆ ನಿದ್ದೆಯಿರಲಿಲ್ಲ. ಆ ದಿನ ಬೆಳಿಗ್ಗೆ ಸ್ಟಿಯರಿಂಗ್ ಹಿಡಿದೇ ತೂಕಡಿಸಿ, ಬಸ್ಸು ರಸ್ತೆ ನಡುವಿನ ಕಟ್ಟೆಗೆ ಉಜ್ಜಿತ್ತು. ಇನ್ನೊಂದು ಸಲ ಹೀಗಾದರೆ ಮನೆಗೆ ಕಳಿಸುತ್ತೇವೆ ಎಂದು ಡಿಪೋದವರು ಹೇಳಿದ್ದರಂತೆ.

ಸಂಜೆ ಆರರ ಮೇಲೆ ನಮ್ಮ ಬಡಾವಣೆಯಲ್ಲಿ ಕಟ್ಟಡ ಕೆಲಸದ ಸದ್ದು ಮಾಡುವಂತಿಲ್ಲ. ಬೀದಿಯ ತುದಿಯಲ್ಲಿ ಫಲಕವೇ ಇದೆ. ಆ ದಿನ ಮರಳಿನ ಲಾರಿ ತಡವಾಗಿ ಬಂದು ಕೆಲಸ ಹಿಂದೆ ಬಿದ್ದಿತ್ತು. ಆರು ಹೊಡೆದರೂ ಯಂತ್ರ ನಿಲ್ಲಲಿಲ್ಲ.

ಅಮ್ಮ ಬಟ್ಟೆ ಬಿಸಾಕಿ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ಕೂಗಿದಳು. "ಲೇ, ಇವತ್ತಿಗೆ ಸಾಕು ಮಾಡ್ಸೇ. ನಿಮ್ಮ ಭಾವ ಮಲಗ್ಬೇಕು!"

"ಇನ್ನೇನು ಮುಗೀತು ಕಣಕ್ಕಾ! ಭಾವನ ಕಿವಿಗೆ ಹತ್ತಿ ಇಡು. ನೀನು ಬೈಯುವಾಗಲೂ ಉಪಯೋಗಕ್ಕೆ ಬರುತ್ತೆ. ಅಲ್ವೇನೇ ಮೌನಗೌರಿ?" ಚಿಕ್ಕಮ್ಮ ನನ್ನನ್ನು ಕರೆಯುವುದೇ ಹಾಗೆ.

ನನಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ. ಕಬ್ಬಿಣ ಕೊಯ್ಯುವಾಗಲೂ ದಿನಾ ಇದೇ "ಇನ್ನೇನು ಮುಗೀತು". ಒಳಗೆ ಅಪ್ಪ ದಿಂಬನ್ನು ಕಿವಿಗೊತ್ತಿಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅಮ್ಮ ನಗರಸಭೆಗೆ ಫೋನ್ ಮಾಡಿದಳು.

"ದಂಡ ಗಿಂಡ ಏನೂ ಬೇಡಿ ಸಾರ್. ಬಂದು ಸ್ವಲ್ಪ ಗದರಿಸಿ ಹೋಗಿ, ಸಾಕು. ನಮ್ಮ ಹೆಸರು ಹೇಳ್ಬೇಡಿ."

ನಗರಸಭೆಯ ಸಾಹೇಬರು ಬೇಗನೆ ಬಂದರು. ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ಪಕ್ಕದವರ ಮಾತೆಲ್ಲ ನಮ್ಮ ಕಿಟಕಿಗೆ ಕೇಳಿಸತೊಡಗಿತು.

"ಸಾರ್, ತಾರಸಿ ಅರ್ಧ ಆಗಿದೆ," ಎಂದ ಮೇಸ್ತ್ರಿ. "ಈಗ ಬಿಟ್ರೆ ನಾಳೆ ಹಾಕೋದು ಇದಕ್ಕೆ ಸರಿಯಾಗಿ ಕೂಡಲ್ಲ. ಆ ಸಂದಿಲಿ ನೀರು ಇಳಿಯುತ್ತೆ."

"ಅದಕ್ಕೇ ಅಲ್ವೇನ್ರೀ, ತಾರಸಿ ಹಾಕೋ ದಿನ ಮುಂಚೆನೇ ಅನುಮತಿ ತಗೊಳ್ಳಿ ಅನ್ನೋದು? ಕೇಳಿದ್ರೆ ಕೊಡ್ತಿದ್ವಿ."

ಚಿಕ್ಕಪ್ಪ ತಲೆ ಕೆರೆದುಕೊಂಡರು. "ಪಕ್ಕದ ಮನೆ ಇವಳ ಅಕ್ಕಂದೇ ಸಾರ್. ದೂರು ಕೊಡೋರು ಯಾರು ಅಂತ ಸುಮ್ಮನಿದ್ದೆ."

ಅಮ್ಮನ ಮುಖದ ಬಣ್ಣ ಇಳಿಯಿತು. ತಾರಸಿಯನ್ನು ಅರ್ಧಕ್ಕೆ ಬಿಡಬಾರದೆಂದು ಅವಳಿಗೇನು ಗೊತ್ತು? ಗೋಡೆಯ ಹಾಗೆ, ಇವತ್ತಿಷ್ಟು ನಾಳೆಯಿಷ್ಟು ಎಂದುಕೊಂಡಿದ್ದಳು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು.

"ಬಿಡಿ ಸಾರ್, ಹಾಕ್ಲಿ! ನಾನು ದೂರು ವಾಪಸ್ ತಗೋತೀನಿ."

ಸಾಹೇಬರು ಆ ತನಕ ಯಾರ ಹೆಸರನ್ನೂ ಎತ್ತಿರಲಿಲ್ಲ. "ಬೀದಿಯವರೆಲ್ಲ ನೋಡ್ತಿದಾರೆ. ಇನ್ನು ಆಗಲ್ಲಮ್ಮ," ಎಂದರು.

ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತಲ್ಲೇ ನಿಂತಿದ್ದಳು. "ನೀನಾ ಅಕ್ಕಾ?" ಅಂದಳು. ಅಷ್ಟೇ. ಬೈದಿದ್ದರೆ ಅಮ್ಮ ಎರಡು ಮಾತು ತಿರುಗಿಸಿ ಹೇಳಿ, ಅತ್ತು, ಹಗುರಾಗುತ್ತಿದ್ದಳು.

ಅಪ್ಪನಿಗೆ ಅವತ್ತು ಒಳ್ಳೆಯ ನಿದ್ದೆ ಬಂತು.

ಉಳಿದರ್ಧವನ್ನು ಮರುದಿನ ಹಾಕಿದರು. ಮನೆ ಮುಗಿಯಿತು. ಗೃಹಪ್ರವೇಶಕ್ಕೆ ಚಿಕ್ಕಮ್ಮ ನಮ್ಮನ್ನು ಕರೆಯಲಿಲ್ಲ. ಎದುರು ಸಿಕ್ಕರೆ ನನ್ನನ್ನು ಈಗ ಹೆಸರು ಹಿಡಿದೇ ಮಾತಾಡಿಸುತ್ತಾಳೆ. ಅಮ್ಮ ಮಾತ್ರ ಏನು ಮಾಡುತ್ತಿದ್ದರೂ ನಡುವೆ ಕೈ ನಿಲ್ಲಿಸಿ, "ಅದೊಂದು ರಾತ್ರಿ ತಡ್ಕೊಂಡಿದ್ರೆ ಏನು ಗಂಟು ಹೋಗ್ತಿತ್ತು ನಂದು?" ಎನ್ನುತ್ತಿದ್ದಳು, ನನಗಲ್ಲ.

ಮೇಸ್ತ್ರಿ ಹೇಳಿದ ಹಾಗೇ ಆಯಿತು. ಮೊದಲ ದೊಡ್ಡ ಮಳೆಗೆ ಸಂದಿನುದ್ದಕ್ಕೂ ನೀರು ಇಳಿಯಿತು. ಚಿಕ್ಕಮ್ಮನ ಮಕ್ಕಳ ಕೋಣೆಯಲ್ಲಿ ಚಿಕ್ಕಪ್ಪ ಮಂಚ ಎಳೆದಾಡುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಅಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಟಳು. ಕೊಡೆ ಹಿಡಿದು ನಾನೂ ಹಿಂದೆ ಹೋದೆ.

ಚಿಕ್ಕಮ್ಮನ ಬಾಗಿಲು ಹಾಕಿತ್ತು. ಒಳಗೆ ಪಾತ್ರೆಗಳಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಯಾರೋ ಬಾಗಿಲ ತನಕ ನಡೆದು ಬಂದು ನಿಂತರು. ಅಮ್ಮ ಬಾಗಿಲು ತಟ್ಟಲಿಲ್ಲ, ಅಂಗೈಯನ್ನು ಅದರ ಮೇಲಿಟ್ಟಳು.

"ಮಕ್ಕಳನ್ನಾದ್ರೂ ಕಳ್ಸೇ," ಅಂದಳು. "ನಮ್ಮನೇಲಿ ಮಲಗ್ಲಿ."