ಇಲ್ಲದ ಟ್ರಂಕು

‘ಎರಿ ಮಣ್ಣು’ ಆಲ್ಬಮ್ಮಿನ ಎಂಟು ಹಾಡುಗಳಲ್ಲಿ ಏಳನ್ನು ಫರಹತ ತಿದ್ದಿಕೊಟ್ಟಿದ್ದಳು. ಎಂಟನೆಯದನ್ನು ತಮ್ಮ ಅವಳಿಗೆ ತೋರಿಸಿರಲಿಲ್ಲ.

ಅವಳು ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ತಮ್ಮ ಜಹೀರ ಸಿಂದಗಿಯಲ್ಲಿ ತಾಯಿ ದಾವಲಬಿಯ ಜೊತೆಗಿದ್ದ. ಹಗಲು ಮೊಬೈಲ್ ರಿಪೇರಿ, ಸಂಜೆಯಾದರೆ ರ‍್ಯಾಪ್. ಬರೆದದ್ದನ್ನೆಲ್ಲ ಅಕ್ಕನ ಫೋನಿಗೆ ಕಳಿಸುವನು. ಅವಳು ಉತ್ತರಪತ್ರಿಕೆ ತಿದ್ದುವುದನ್ನು ಬಿಟ್ಟು ಅವನ ಸಾಲುಗಳನ್ನು ತಿದ್ದುವಳು. “ಈ ಮಾತು ಕಾಲೇಜಿನ ಹುಡುಗರದು, ನಿನ್ನದಲ್ಲ. ನಮ್ಮ ಅಮ್ಮಾ ಬೈದಂಗ ಬರಿ” ಎಂದು ಒಮ್ಮೆ ಹೇಳಿದ್ದಳು. ಅವನ ಹಾಡಿಗೆ ಖದರು ಬಂದದ್ದೇ ಅಲ್ಲಿಂದ.

ಆಲ್ಬಂ ಬಂದ ತಿಂಗಳೊಳಗೆ ‘ಖಡಕ್ ಜಹೀರ’ ಎಂಬ ಹೆಸರು ಜಿಲ್ಲೆ ದಾಟಿತು. ಇಂಡಿ ಪಟ್ಟಣದ ನಿಂಬೆಹಣ್ಣಿನ ಲಾರಿಗಳಲ್ಲಿ ಅವನೇ, ಮುದ್ದೇಬಿಹಾಳದ ಕ್ಷೌರದಂಗಡಿಗಳಲ್ಲಿ ಅವನೇ. ಸಿಂದಗಿಯ ಮಾತನ್ನು ಕೇಳಿದರೆ ಮೂಗು ಮುರಿಯುತ್ತಿದ್ದ ಬೆಂಗಳೂರಿನ ಹುಡುಗರೂ ನಾಲಿಗೆ ತಿರುಚಿಕೊಂಡು ಅದನ್ನು ಗುನುಗತೊಡಗಿದರು. ಎಲ್ಲಕ್ಕಿಂತ ಮೇಲೆ ಹೋದದ್ದು ಎಂಟನೆಯ ಹಾಡು, ‘ಅಕ್ಕನ ಟ್ರಂಕು’.

ಫರಹತ ಅದನ್ನು ಮೊದಲು ಕೇಳಿದ್ದು ತರಗತಿಯಲ್ಲಿ. ಬೋರ್ಡಿನ ಕಡೆ ತಿರುಗಿ ಸಂಧಿ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಸಣ್ಣಗೆ ಎದ್ದಿತು:

ಮುದ್ದೇಬಿಹಾಳ ಸ್ಟ್ಯಾಂಡಿನ್ಯಾಗ ಮೂರು ತಾಸು ಮಳಿ,
ಟ್ರಂಕಿನ ಮ್ಯಾಲ ಕುಂತ ಅಕ್ಕಾ, ಕಣ್ಣ ತುಂಬ ಹೊಳಿ.
ಹೊರಗ ಹಾಕ್ಯಾರ ಹಾಡಹಗಲು, ಮುಚ್ಯಾರವ್ವ ಬಾಗಲು!

ಅವಳು ತಿರುಗಿದಳು. ನಲವತ್ತು ಮುಖಗಳು ಪುಸ್ತಕಕ್ಕೆ ಬಾಗಿದವು. ಹಾಡಿದವನು ಅವಳ ತಮ್ಮನೆಂಬುದು ಶಾಲೆಗೆಲ್ಲ ಗೊತ್ತಿತ್ತು. ಆ ವಾರವೇ ಶಾಲೆಯಲ್ಲಿ ಅವಳಿಗೆ ‘ಹೊಳಿ ಟೀಚರ್’ ಎಂಬ ಹೆಸರು ಬಿತ್ತು. ಎಷ್ಟೋ ವರ್ಷ ಒಂದೇ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಉಂಡ ಶಿಕ್ಷಕಿಯರು ಈಗ ಅವಳ ಬೆನ್ನು ಸವರಿ, “ಇಷ್ಟೆಲ್ಲಾ ಅನುಭವಿಸೀರಿ, ಒಂದ ಮಾತು ಹೇಳಲಿಲ್ರಿ” ಎಂದು ಕಣ್ಣಂಚು ಒರೆಸಿಕೊಂಡರು.

ನಡೆದದ್ದೇ ಬೇರೆ. ಆರು ವರ್ಷದ ಹಿಂದೆ ಅವಳ ಮದುವೆ ಮುದ್ದೇಬಿಹಾಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಅಮೀನುದ್ದೀನನ ಜೊತೆ ಆಯಿತು. ಮದುವೆಗೆ ಮೊದಲೇ ಅವಳು ಶಿಕ್ಷಕರ ಪರೀಕ್ಷೆ ಬರೆದಿದ್ದಳು. ಮೂರನೆಯ ತಿಂಗಳು ನೇಮಕದ ಆದೇಶ ಗಂಡನ ಮನೆಯ ವಿಳಾಸಕ್ಕೆ ಬಂತು, ಆದರೆ ಅವಳ ಕೈಗೆ ಬರಲಿಲ್ಲ. ಹನ್ನೊಂದು ದಿನಗಳ ಮೇಲೆ ಕತ್ತರಿ ಹುಡುಕಲು ಅಂಗಡಿಯ ಡ್ರಾ ಎಳೆದಾಗ, ಸೂರ್ಯಕಾಂತಿ ಬೀಜದ ಪೊಟ್ಟಣಗಳ ಕೆಳಗೆ ಒಡೆದ ಲಕೋಟೆ ಸಿಕ್ಕಿತು. ಕೇಳಿದರೆ ಅಮೀನುದ್ದೀನ ನಕ್ಕ. “ಅದನ್ನ ಮರೀ. ನಮ್ಮ ಮನ್ಯಾಗ ಹೆಂಗಸರು ಪಗಾರ ತರಂಗಿಲ್ಲ.”

ಮರುದಿನ ಮಧ್ಯಾಹ್ನ ಫರಹತ ಆದೇಶವನ್ನೂ ಸರ್ಟಿಫಿಕೇಟುಗಳನ್ನೂ ಒಂದು ಬಟ್ಟೆಯ ಚೀಲಕ್ಕೆ ತುರುಕಿಕೊಂಡು, ಅತ್ತೆಯ ಕಣ್ಣೆದುರೇ ಚಪ್ಪಲಿ ಮೆಟ್ಟಿ ಹೊರಟಳು. ಏಪ್ರಿಲ್ಲಿನ ಬಿಸಿಲು, ಹನಿ ಮಳೆ ಇರಲಿಲ್ಲ. ಟ್ರಂಕೂ ಇರಲಿಲ್ಲ. ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ಕೊಂಡು ಬಾಗೇವಾಡಿ ಮುಟ್ಟುವ ತನಕ ಒಂದೊಂದೇ ಸುಲಿದು ತಿಂದಳು. ತವರಿಗೂ ಹೋಗಲಿಲ್ಲ, ನೇರ ಶಾಲೆಗೇ ಹೋದಳು. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗ ಬೆರಳಿಗೆ ಇನ್ನೂ ಉಪ್ಪು ಅಂಟಿತ್ತು. ಅಲ್ಲಿಯ ತನಕ ಅವಳ ಬಾಳಿನದನ್ನೆಲ್ಲ ಬೇರೆಯವರೇ ಗೊತ್ತು ಮಾಡಿದ್ದರು. ಅವತ್ತಿನದು ಮಾತ್ರ ಅವಳದು.

ಅಂಥದ್ದನ್ನು ತಮ್ಮ ಮಳೆಯಲ್ಲಿ ತೋಯಿಸಿ ಊರಿಗೆಲ್ಲ ಹಂಚಿದ್ದ.

ಆ ಭಾನುವಾರ ಅವಳು ಸಿಂದಗಿಗೆ ಹೋದಳು. ಜಹೀರ ಹೊಸ ಬೂಟು ಹಾಕಿಕೊಂಡು ಅಂಗಳದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ.

“ಆಪಾ! ಕೇಳಿದೇನು? ಮಂದಿ ಅಳಾಕತ್ತಾರ.”

“ನಾ ಯಾವಾಗ ಅತ್ತಿದ್ನೋ?”

ಅವನು ಪಿಳಿಪಿಳಿ ನೋಡಿದ. “ಹಾಡು ಅಂದಮ್ಯಾಲ ಒಂದೀಟು ಹೆಚ್ಚು ಕಡಿಮಿ ಇರ್ತೈತಿ.”

“ಹೊರಗ ಹಾಕ್ಯಾರ ಅಂತ ಬರದಿ. ನಾನಽ ಬಿಟ್ಟು ಬಂದಾಕಿ. ನಿನಗ ಗೊತ್ತಿಲ್ಲೇನು?”

“ಗೊತ್ತೈತಿ. ಆದ್ರ ಚೀಲ ಹಿಡಕೊಂಡು ಶೇಂಗಾ ತಿನಕೋತ ಹ್ವಾದ್ಲು ಅಂದ್ರ ಯಾರು ಅಳ್ತಾರ ಆಪಾ? ಮಂದಿ ಅಳದಿದ್ರ ಹಾಡು ಓಡಂಗಿಲ್ಲ.”

“ಆಪಾ ಅಂತ ಕರೀತಿ. ಹಾಡಿನ್ಯಾಗ ಅಕ್ಕಾ ಅಂದಿ.”

“ಅಕ್ಕಾ ಅಂದ್ರ ಎಲ್ಲಾರ್ಗೂ ಹತ್ತತೈತಿ ಅಂತ ಆಲ್ಬಂ ತಂದ ಕಂಪನಿಯವ್ರು ಹೇಳಿದ್ರು. ಹಾಡು ಈಗ ಅವರದು, ತಗ್ಯಾಕ ನನಗ ಬರಂಗಿಲ್ಲ.” ಆಮೇಲೆ ಅವನು ಖರೆ ಹೇಳಿದ: “ತಗೀಬೇಕಂತ ನನಗ ಅನಿಸಂಗೂ ಇಲ್ಲ.”

ಒಳಗಿನಿಂದ ದಾವಲಬಿ, “ತಮ್ಮಾ ಅಕ್ಕನ ಸಲುವಾಗಿ ಹಾಡು ಕಟ್ಯಾನ, ಅದಕ್ಕೂ ಮುಖಾ ಸೊಟ್ಟ ಮಾಡ್ತಿಯಲ್ಲ” ಎಂದಳು.

ಎರಡು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದನಿ ಕೇಳಿದೊಡನೆ ಗುರುತು ಹತ್ತಿತು. ಅಮೀನುದ್ದೀನ. ಬೈಯಲು ಮಾಡಿದ್ದಾನೆಂದು ಅವಳು ಸೆಟೆದು ನಿಂತಳು.

“ಹಾಡು ಕೇಳಿದ್ನಿ. ಛಲೋ ಬರದಾನ ನಿನ್ನ ತಮ್ಮ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. “ಇಷ್ಟ ವರ್ಷ ಊರ ಮಂದಿ ನನ್ನ ನೋಡಿ ‘ಇವನ್ನ ಹೆಂಡ್ತೀನಽ ಬಿಟ್ಟುಹೋಗ್ಯಾಳ’ ಅಂತ ಆಡಕೊಂಡು ನಗತಿದ್ರು. ಈಗ ‘ನೀನಽ ಹೊರಗ ಹಾಕಿದ್ಯಂತಲ್ಲೋ’ ಅಂತಾರ. ಗಂಡಸು ಅಂತ ನೋಡಾಕತ್ತಾರ. ತಮ್ಮಗ ನನ್ನ ಸಲಾಂ ಹೇಳು.”

ಫರಹತ ಫೋನು ಇಟ್ಟಳು. ಆಮೇಲೆ ಜಹೀರನಿಗೆ ಒಂದೊಂದು ಮಾತನ್ನೂ ಒಪ್ಪಿಸಿದಳು. ಈ ಸಲ ಅವನಿಗೂ ತಟ್ಟಿತು. “ಇಂಡ್ಯಾಗ ನನಗ ಸತ್ಕಾರ ಐತಿ. ನೀ ಬಾ. ಸ್ಟೇಜಿಗೆ ಕರದು ಮೈಕ್ ಕೊಡ್ತೇನಿ. ಖರೇ ಏನೈತಿ ನೀನಽ ಹೇಳು” ಎಂದ. ಅವಳು ನಂಬಿದಳು.

ಇಂಡಿಯ ಮೈದಾನದಲ್ಲಿ ಅವತ್ತು ಸಂಜೆ ಕಾಲಿಡಲು ಜಾಗವಿರಲಿಲ್ಲ. ಜಹೀರ ಕೊಟ್ಟ ಮಾತಿನಂತೆ ಅವಳನ್ನು ಕರೆದ. ಯಾರೋ ಶಾಲು ಹೊದಿಸಿದರು. ಮೈಕು ಕೈಗೆ ಬಂತು. ಬಸ್ಸಿನಲ್ಲಿ ಬರುವಾಗ ಹೊಂದಿಸಿಕೊಂಡ ಭಾಷಣವೆಲ್ಲ ಹಾರಿಹೋಗಿ ಮೂರೇ ಮಾತು ಉಳಿದವು.

“ನನ್ನ ಯಾರೂ ಹೊರಗ ಹಾಕಿಲ್ಲ. ನಾನಽ ಬಿಟ್ಟು ಬಂದೇನಿ. ನಾ ಅತ್ತಿಲ್ಲ.”

ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, “ಪಾಪ, ಇನ್ನೂ ನುಂಗಿಕೊಂಡು ಮಾತಾಡ್ತೈತಿ ನೋಡವ್ವಾ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಸಿಳ್ಳೆ, ಚಪ್ಪಾಳೆ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡ ಸೌಂಡಿನವನು ಹಾಡಿನ ಬೀಟು ಹಾಕಿದ. ಸಾವಿರ ಬಾಯಿಗಳು ಒಟ್ಟಿಗೆ ‘ಹೊರಗ ಹಾಕ್ಯಾರ ಹಾಡಹಗಲು’ ಎಂದವು. ಫರಹತ ತಮ್ಮನ ಕಡೆ ನೋಡಿದಳು. ನಿಲ್ಲಿಸು ಎಂದು ಅವನು ಕೈ ಎತ್ತಿದ್ದರೆ ಸಾಕಿತ್ತು. ಅವನು ಕಣ್ಣು ಮುಚ್ಚಿ ಮುಂದಿನ ಸಾಲು ಹಿಡಿದ. ಅವನ ಕೆನ್ನೆ ಒದ್ದೆಯಾಗಿತ್ತು, ಅದು ನಾಟಕವಾಗಿರಲಿಲ್ಲ.

ತಿಂಗಳ ಮೇಲೆ ‘ಅಕ್ಕನ ಟ್ರಂಕು’ ಮತ್ತೊಮ್ಮೆ ಬಂತು, ಹೊಸ ರೂಪದಲ್ಲಿ. ಶುರುವಿನಲ್ಲಿ ಮಳೆಯ ಸದ್ದು, ಅದರ ಮೇಲೆ ಫರಹತಳ ದನಿ: ‘ನಾ ಅತ್ತಿಲ್ಲ... ಅತ್ತಿಲ್ಲ... ಅತ್ತಿಲ್ಲ...’ ಅಷ್ಟೇ. ‘ನಾನಽ ಬಿಟ್ಟು ಬಂದೇನಿ’ ಎಂಬುದನ್ನು ಕತ್ತರಿಸಿದ್ದರು.

“ಅದು ತಾಳಕ್ಕ ಬರಲಿಲ್ಲ ಆಪಾ,” ಎಂದ ಜಹೀರ ಫೋನಿನಲ್ಲಿ. “ಆದ್ರ ಇದು ಮೊದಲಿನದಕ್ಕಿಂತ ಜೋರು ಓಡಾಕತ್ತೈತಿ.”

ದಾವಲಬಿ ನೆರೆಹೊರೆಗೆ ಸಕ್ಕರೆ ಹಂಚಿದಳು. ನನ್ನ ಇಬ್ಬರೂ ಮಕ್ಕಳ ದನಿ ಒಂದೇ ಹಾಡಿನಲ್ಲಿ ಬಂತು ಎಂದು.

ಮುಂದೆ ಜಹೀರ ಎರಡನೆಯ ಆಲ್ಬಮ್ಮಿನ ಸಾಲುಗಳನ್ನು ಕಳಿಸಿದ. ಅವಳು ತೆರೆದು ನೋಡಲಿಲ್ಲ. ಜೂನಿನಲ್ಲಿ ಇಂಗಳೇಶ್ವರದ ಶಾಲೆಗೆ ವರ್ಗ ಕೇಳಿ ಪಡೆದಳು. ಮೊದಲ ದಿನ ಬಸ್ಸು ತಪ್ಪಿ ಟಂಟಂ ಆಟೊ ಹತ್ತಿದಳು. ಒಳಗೆ ಅದೇ ಹಾಡು. ಡ್ರೈವರು ಕನ್ನಡಿಯಲ್ಲಿ ಎರಡು ಸಲ ಅವಳನ್ನು ನೋಡಿ, “ಆ ಹಾಡಿನ ಅಕ್ಕಾರು ನೀವಽ ಏನ್ರಿ? ಇಂಡ್ಯಾಗ ನೋಡಿದಂಗ ಆತು” ಎಂದ.

“ಅಲ್ರಿ,” ಎಂದಳು ಫರಹತ. “ಆಕಿ ಬ್ಯಾರೆದಾಕಿ.”

“ಹಂಗನ್ರಿ?” ಎಂದು ಅವನು ಗಾಡಿಯ ಗೇರು ಬದಲಿಸಿದ. “ಪಾಪ, ಈಗ ಎಲ್ಲದಾಳೋ ಏನೋ.” ಮಳೆಯ ಸದ್ದು ಬರುವಲ್ಲಿ ವಾಲ್ಯೂಮು ಇನ್ನಷ್ಟು ಏರಿಸಿದ.